ನನ್ನ ಎಮ್ಮೆ, ಅವರ ಫಟಫಟಿ

ನಮ್ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದದ್ದಿಲ್ಲ. ಅಂಗಡಿಗೆ ಹೋದೆ, ದುಡ್ಡು ಕೊಟ್ಟೆ, ತಂದೆ ಅನ್ನೋದು ಬೇರೆಯವರ ಮನೆ ಕತೆ. ನಮ್ಮನೆಯವರು ದನದ ದಲ್ಲಾಳಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲೂಕಿನ ಕೊಟ್ಟಿಗೆಗಳು ಅವರಿಗೆ ಬಾಯಿಪಾಠ. ಯಾರ ಎತ್ತಿಗೆ ಜೋಡಿ ಬೇಕು, ಯಾರ ಹಸು ಬತ್ತಿದೆ ಅನ್ನೋದು ಆ ಮನೆ ಯಜಮಾನನಿಗಿಂತ ಮೊದಲು ಇವರಿಗೆ ಗೊತ್ತಾಗ್ತಿತ್ತು. ತೊಂದರೆ ಏನು ಅಂದ್ರೆ, ಕೊಳ್ಳೋದು ಅಂದ್ರೆ ದನ ಕೊಂಡ ಹಾಗೆ ಕೊಳ್ಳೋದು ಅಷ್ಟೇ ಅವರಿಗೆ ಬರ್ತಿದ್ದದ್ದು. ಗೋಡೆ ಗಡಿಯಾರ ತರೋಕೆ ಹೋದಾಗ ಅಂಗಡಿಯವನಿಗೆ, "ಎಂಟು ದಿನ ಮನೇಲಿ ಕಟ್ಟಿ ನೋಡ್ತೀನಿ. ಹೊಂದಿಕೊಂಡ್ರೆ ದುಡ್ಡು, ಇಲ್ದಿದ್ರೆ ವಾಪಸ್ಸು" ಅಂದಿದ್ರು. ಕೊಡೆ ತಗೊಳ್ಳೋವಾಗ ಅದರ ಕಡ್ಡಿ ಒಂದೊಂದನ್ನೂ ಪಕ್ಕೆಲುಬು ತಡವಿದ ಹಾಗೆ ತಡವಿದ್ರು. ಇಂಥವು ಆಗ್ತಾನೇ ಇರ್ತಿದ್ವು, ನಾನು ನಗ್ತಾನೇ ಇರ್ತಿದ್ದೆ.

ಮೋಟಾರು ಸೈಕಲ್ಲು ಕೊಳ್ಳೋ ಯೋಚನೆ ಬಂದಾಗ ಮಾತ್ರ ನಗಲಿಲ್ಲ. ಯಾಕಂದ್ರೆ ಅದು ನಮ್ಮನೆಗೆ ಬರಬೇಕಾದ್ರೆ ನನ್ನ ಎಮ್ಮೆ ಹೋಗಬೇಕಿತ್ತು.

೧. ಮಾರೋ ಕಣ್ಣು

ಆಗ ಲಿಂಗನಮಕ್ಕಿ ಕಟ್ಟೆ ಕೆಲಸ ಮುಗೀತಾ ಬಂದಿತ್ತು. ಅಲ್ಲಿದ್ದ ಇಂಜಿನಿಯರುಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೊರಡ್ತಿದ್ರು. ಅವರಲ್ಲಿ ಒಬ್ಬ ಸಾಹೇಬರು ಒಂದು ಹಸು ಸಾಕಿದ್ರು. ಅದನ್ನ ಮಾರಿಸಿಕೊಡಿ ಅಂತ ನಮ್ಮನೆಯವರಿಗೆ ಹೇಳಿಕಳಿಸಿದ್ರು. ಇವರು ಬೆಳಗ್ಗೆ ಹೋದ್ರು. ಹಸು ಅರ್ಧ ಗಂಟೇಲಿ ವ್ಯಾಪಾರ ಆಯ್ತು. ಆದ್ರೂ ಇವರು ಮನೆಗೆ ಬಂದದ್ದು ದೀಪ ಹಚ್ಚೋ ಹೊತ್ತಿಗೆ.

ಬಂದವರು ಕಾಲು ತೊಳೀಲಿಲ್ಲ, ಕಾಫಿ ಕೇಳಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ನನ್ನ ಎಮ್ಮೆ ಎದುರು ಕೈಕಟ್ಟಿ ನಿಂತ್ರು. ಮುಂದಿನಿಂದ ನೋಡಿದ್ರು, ಹಿಂದಿನಿಂದ ನೋಡಿದ್ರು, ಆಮೇಲೆ ತಲೆ ಒಂಚೂರು ಓರೆ ಮಾಡಿ ನೋಡಿದ್ರು.

ಆ ಓರೆ ನೋಟ ನನಗೆ ಗೊತ್ತು. ಬೇರೆಯವರ ಕೊಟ್ಟಿಗೇಲಿ ನಿಂತು ಮನಸ್ಸಲ್ಲೇ ಬೆಲೆ ಕಟ್ಟೋವಾಗ ನೋಡೋ ನೋಟ ಅದು.

"ಆ ಕಣ್ಣು ಇಲ್ಲಿಂದ ತೆಗೀರಿ" ಅಂದೆ.

"ಸುಮ್ನೆ ನೋಡಿದೆ ಮಾರಾಯ್ತಿ. ನಮ್ಮನೆ ಎಮ್ಮೆ ನಾವು ನೋಡಬಾರ್ದಾ?"

"ನಮ್ಮನೆ ಎಮ್ಮೆ ಅಲ್ಲ. ನನ್ನ ಎಮ್ಮೆ."

ಅದು ನಿಜವೂ ಹೌದು. ನನ್ನ ಮದುವೇಲಿ ನಮ್ಮವ್ವ ಒಂದು ಎಮ್ಮೆ ಕೊಟ್ಟಿದ್ಲು, ಇದು ಅದರ ಮಗಳು. ಇದರ ಹಾಲು ಸಾಗರದ ಬಸ್ ಸ್ಟ್ಯಾಂಡ್ ಹತ್ರದ ಹೋಟೆಲಿಗೆ ಹೋಗ್ತಿತ್ತು. ನನಗೆ ಅಕ್ಷರ ಒಂದೂ ಬರೋದಿಲ್ಲ. ಆದ್ರೆ ಒಂದು ಬಳೆ ಬೇಕು ಅಂದ್ರೂ, ತವರಿಗೆ ಬಸ್ ಚಾರ್ಜು ಬೇಕು ಅಂದ್ರೂ ಇನ್ನೊಬ್ಬರ ಮುಂದೆ ಕೈ ಚಾಚದೆ ಇದ್ದೆ ಅಂದ್ರೆ ಅದು ಈ ಎಮ್ಮೆಯಿಂದ. ಹಾಗಾಗಿ ನಾನು ಹೂಂ ಅನ್ನದೆ ಅದು ಕೊಟ್ಟಿಗೆಯಿಂದ ಹೊರಗೆ ಹೋಗೋ ಹಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಊಟಕ್ಕೆ ಕೂತ ಮೇಲೆ ವಿಷಯ ಹೊರಗೆ ಬಂತು. ಸಾಹೇಬರ ಹತ್ರ ಒಂದು ಫಟಫಟಿ ಇದೆಯಂತೆ. ಹಳೇದಂತೆ, ಆದ್ರೆ ರೇಸಿನದಂತೆ. ಎಂಜಿನ್ನು ಸಣ್ಣದು, ಸೇರಿನ ಗಾತ್ರ ಅಷ್ಟೇ, ಓಟ ಮಾತ್ರ ಗಾಳಿಯಂತೆ. ಬೆಳಗ್ಗೆ ತೀರ್ಥಹಳ್ಳೀಲಿ ಒಂದು ವ್ಯಾಪಾರ, ಮಧ್ಯಾಹ್ನ ಹೊಸನಗರದಲ್ಲಿ ಒಂದು, ಸಂಜೆ ಮನೇಲಿ ಊಟ.

"ಬಸ್ಸಿಗೆ ಕಾದು ಕಾದು ನನ್ನ ಅರ್ಧ ಆಯುಸ್ಸು ಹೋಯ್ತು" ಅಂದ್ರು.

"ಉಳಿದ ಅರ್ಧ ಫಟಫಟೀಲಿ ಒಂದೇ ಸಲಕ್ಕೆ ಹೋಗ್ತದೆ" ಅಂದೆ.

೨. ಅತ್ತೆ ಕೇಳಿದ ಪ್ರಶ್ನೆ

ಮುಂದಿನ ವಾರ ಸಾಹೇಬರು ಗಾಡಿ ಓಡಿಸಿಕೊಂಡು ನಮ್ಮನೆಗೇ ಬಂದ್ರು. ಮೂವತ್ತರ ಆಸುಪಾಸಿನ ಮನುಷ್ಯ, ಮೈಸೂರಿನ ಕಡೆಯವರು, ಬಲು ಮರ್ಯಾದಸ್ಥರು. ಗಾಡಿ ನೋಡಿದ್ರೆ ನನಗೆ ಅಯ್ಯೋ ಅನ್ನಿಸಿತು. ಕೆಂಪು ಬಣ್ಣದ ಬಡಕಲು ಸಾಮಾನು. ಹ್ಯಾಂಡಲ್ಲು ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಸೀಟು ಒಬ್ಬರಿಗೆ ಮಾತ್ರ, ಅದರ ಹಿಂದೆ ಒಂದು ಗೂನು.

ನಮ್ಮನೆಯವರು ಅದರ ಸುತ್ತ ಮೂರು ಸುತ್ತು ಹಾಕಿದ್ರು. ಬಗ್ಗಿ ಹೊಟ್ಟೆ ಅಡಿ ನೋಡಿದ್ರು. ಟ್ಯಾಂಕಿನ ಮೇಲೆ ಕೈ ಆಡಿಸಿ ಸುಳಿ ಹುಡುಕಿದ್ರು. ಕೆಟ್ಟ ಸುಳಿ ಇದ್ದ ದನ ಮನೆಗಾಗೋದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಒಂದು ಕಡೆ ಬಣ್ಣ ಕೆದರಿ ಸುತ್ತಿದ ಹಾಗಿತ್ತು. ಅದನ್ನ ನೋಡಿ ಸ್ವಲ್ಪ ಹೊತ್ತು ಯೋಚಿಸಿದ್ರು.

"ಎಷ್ಟು ಕೈ ಬದಲಾಗಿದೆ ಸಾಹೇಬ್ರೇ?"

"ನಾನು ಮೂರನೆಯವನು."

"ಹಿಂದಿನವರು ಯಾಕೆ ಕೊಟ್ರು?"

"ಅವರಿಗೆ ಮದುವೆ ಆಯ್ತು."

"ಸರಿ. ನಡಿಗೆ ನೋಡಬೇಕಲ್ಲ."

ಸಾಹೇಬರು ಖುಷಿಯಾಗಿ ಕಿಕ್ಕು ಹೊಡೆಯೋಕೆ ಕಾಲೆತ್ತಿದ್ರು. "ಓಟ ಅಲ್ಲ, ನಡಿಗೆ" ಅಂತ ಇವರು ತಡೆದ್ರು. ಪಾಪ, ಆ ಮನುಷ್ಯ ಎಂಜಿನ್ನು ಹಚ್ಚದೆ, ಹ್ಯಾಂಡಲ್ಲು ಹಿಡಿದುಕೊಂಡು, ಬೇಲಿವರೆಗೆ ಹೋಗಿ ಬಂದ್ರು. ಇವರು ಹಿಂದಿನಿಂದ ಕೂತು ನೋಡಿ, "ಹಿಂಗಾಲು ಸ್ವಲ್ಪ ಎಡಕ್ಕೆ ಬೀಳ್ತದೆ" ಅಂದ್ರು. ಸಾಹೇಬರು ಗಾಬರಿಯಾಗಿ ಚಕ್ರ ನೋಡಿದ್ರು. ಹೌದು, ಎರಡು ಕಡ್ಡಿ ಸಡಿಲ ಆಗಿತ್ತು! ಆವತ್ತಿನಿಂದ ಸಾಹೇಬರಿಗೆ ನಮ್ಮನೆಯವರ ಮೇಲೆ ಭಾರೀ ಗೌರವ.

ಅಷ್ಟು ಹೊತ್ತಿಗೆ ನಮ್ಮತ್ತೆ ಹೊರಗೆ ಬಂದ್ರು. ಮನೇಲಿ ಏನೇ ಆಗಬೇಕಾದ್ರೂ ಅವರದ್ದೊಂದು ಮಾತು ಬೇಕು. ಅವರು ನನ್ನ ಕಡೆಗೇ ಇರ್ತಾರೆ ಅಂತ ನಾನು ಧೈರ್ಯವಾಗಿದ್ದೆ.

"ಏನು ತಿಂತದೆ ಇದು?" ಅಂತ ಕೇಳಿದ್ರು.

"ಪೆಟ್ರೋಲು ಕುಡೀತದೆ ಅಮ್ಮ" ಅಂದ್ರು ಸಾಹೇಬರು.

"ದಿನಕ್ಕೆ ಎಷ್ಟು ಸಲ?"

"ಹಾಗೆ ಇಲ್ಲ. ಓಡಿದ ದಿನ ಮಾತ್ರ."

"ಓಡದೆ ನಿಂತಿದ್ರೆ?"

"ಏನೂ ಬೇಡ."

"ಒಂದು ವಾರ ನಿಂತಿದ್ರೂ?"

"ಒಂದು ತಿಂಗಳು ನಿಂತಿದ್ರೂ ಬೇಡ ಅಮ್ಮ."

ಅತ್ತೆ ಗಲ್ಲದ ಮೇಲೆ ಬೆರಳಿಟ್ಟುಕೊಂಡ್ರು. ನನ್ನ ಕಡೆ ತಿರುಗಿ, "ಕೇಳಿದ್ಯಾ? ಕೆಲಸ ಮಾಡಿದ ದಿನ ಮಾತ್ರ ಹೊಟ್ಟೆಗಂತೆ. ನಿನ್ನ ಎಮ್ಮೆಗಿಂತ ವಾಸಿ" ಅಂದ್ರು. ಆಮೇಲೆ ಮಗನನ್ನ ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿ, "ಇವನಿಗಿಂತಲೂ ವಾಸಿ" ಅಂತ ಒಳಗೆ ಹೋದ್ರು.

೩. ಟವೆಲ್ಲಿನ ಅಡಿ

ಈಗ ಬೆಲೆ. ದನದ ವ್ಯಾಪಾರದಲ್ಲಿ ಬೆಲೆಯನ್ನ ಬಾಯಿಬಿಟ್ಟು ಹೇಳೋ ಪದ್ಧತಿ ಇಲ್ಲ. ಇಬ್ಬರೂ ಟವೆಲ್ಲಿನ ಅಡಿ ಕೈ ಹಾಕಬೇಕು. ಒಂದು ಬೆರಳು ಹಿಡಿದ್ರೆ ನೂರು, ಎರಡು ಹಿಡಿದ್ರೆ ಇನ್ನೂರು, ಇಡೀ ಅಂಗೈ ಅಮುಕಿದ್ರೆ ಐನೂರು. ಸುತ್ತ ನಿಂತವರಿಗೆ ಏನೂ ಕಾಣಬಾರದು. ನಮ್ಮನೆಯವರು ಇದರಲ್ಲಿ ಎತ್ತಿದ ಕೈ.

ಸಾಹೇಬರಿಗೆ ಕಾಫಿ ಕೊಟ್ಟಾಯ್ತು. ಇವರು ಹೆಗಲಿನ ಟವೆಲ್ಲು ತೆಗೆದು ಸಾಹೇಬರ ಕೈ ಮೇಲೆ ಹಾಕಿದ್ರು. ಒಳಗೆ ಕೈ ತೂರಿಸಿದ್ರು. ನಾನು ಬಾಗಿಲ ಸಂದೀಲಿ ನಿಂತು ಇಬ್ಬರ ಮುಖ ನೋಡ್ತಿದ್ದೆ.

ಸಾಹೇಬರ ಮುಖ ಮೊದಲು ಬೆಚ್ಚಿತು. ಆಮೇಲೆ ಅರಳಿತು. ಇದು ಮಲೆನಾಡಿನ ಕಡೆ ಪ್ರೀತಿ ತೋರಿಸೋ ರೀತಿ ಇರಬೇಕು ಅಂದ್ಕೊಂಡ್ರೋ ಏನೋ, ಟವೆಲ್ಲು ಒಂದು ಸಲ ಜೋರಾಗಿ ಅಲ್ಲಾಡಿತು. ನಮ್ಮನೆಯವರ ಹುಬ್ಬು ಮೇಲೆ ಹೋಯ್ತು. ಮತ್ತೆ ಟವೆಲ್ಲು ಸ್ವಲ್ಪ ಅಲ್ಲಾಡಿತು. ಈಗ ಸಾಹೇಬರು ಇನ್ನೊಂದು ಕೈಯನ್ನೂ ಒಳಗೆ ಹಾಕಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡ್ರು. ನಮ್ಮನೆಯವರ ಹಣೆ ಮೇಲೆ ಬೆವರು.

ಆ ಸಂಕಟ ನೋಡೋಕಾಗದೆ ನಾನೇ ಕೇಳಿಬಿಟ್ಟೆ, "ಸಾಹೇಬ್ರೇ, ಗಾಡಿಗೆ ಎಷ್ಟು ಹೇಳ್ತೀರಿ?"

"ಹಳೇ ಗಾಡಿ ಅಮ್ಮ, ಈ ಕಡೆ ಇಂಥದ್ದನ್ನ ಕೇಳೋರೂ ಇಲ್ಲ. ಮುನ್ನೂರೈವತ್ತು ಕೊಟ್ಟರೆ ಸಾಕು" ಅಂದ್ರು.

ಸಾಹೇಬರು ಅತ್ತ ಹೋದದ್ದೇ ಇವರು ನನ್ನ ಮೇಲೆ ಹಾರಿಬಿದ್ರು. "ಗಂಡಸರ ವ್ಯಾಪಾರದಲ್ಲಿ ನಿಂದೆಂತ ಬಾಯಿ? ಎಷ್ಟು ಘಾಟಿ ಆಸಾಮಿ ಗೊತ್ತಾ ಅದು? ನಾನು ಮೂರು ಹಿಡಿದ್ರೆ ಐದು ಅಂದ್ರು. ನಾನು ನಾಲ್ಕಕ್ಕೆ ಬಂದ್ರೆ, ಎರಡೂ ಕೈ ಹಾಕಿ ಹತ್ತು ಅಂದ್ರು!"

"ಕೊನೆಗೆ ಅವರೇ ಮೂರೂವರೆ ಅಂದ್ರಲ್ಲ, ಒಳ್ಳೇದೇ ಆಯ್ತಲ್ಲ."

"ಎಂಥ ಒಳ್ಳೇದು! ನೀನು ಸುಮ್ನಿದ್ದಿದ್ರೆ ಅವರನ್ನ ಹತ್ತರಿಂದ ಐದಕ್ಕೆ ಇಳಿಸಿಬಿಡ್ತಿದ್ದೆ" ಅಂದ್ರು.

ಮುನ್ನೂರೈವತ್ತು ಅಂದ್ರೆ ಹೆಚ್ಚುಕಮ್ಮಿ ನನ್ನ ಎಮ್ಮೆ ಬೆಲೆ. ಆವತ್ತು ಹಾಲು ಕರೆಯೋವಾಗ ಅದರ ಬೆನ್ನು ಸವರಿ, "ಹೆದರಬೇಡ" ಅಂದೆ. ಅದು ಆರಾಮವಾಗಿ ಮೆಲುಕು ಹಾಕ್ತಿತ್ತು. ಹೆದರಿದ್ದವಳು ನಾನೇ.

೪. ಸೋಮಾರಿ ಎತ್ತು

ಕಟ್ಟಿ ನೋಡೋಕೆ ಅಂತ ಸಾಹೇಬರು ಗಾಡಿಯನ್ನ ಹದಿನೈದು ದಿನ ನಮ್ಮನೇಲೇ ಬಿಟ್ರು. ಇವರು ನಿಜವಾಗಿಯೂ ಕಟ್ಟಿದ್ರು. ಅಂಗಳದ ಕಂಬಕ್ಕೆ, ಹೊಸ ಹಗ್ಗದಲ್ಲಿ. "ಹೊಸ ಜಾಗ, ಒಂದೆರಡು ದಿನ ಕಟ್ಟೋದು ಒಳ್ಳೇದು" ಅಂದ್ರು.

ಓಡಿಸೋದನ್ನ ಸಾಹೇಬರೇ ಎರಡು ದಿನ ಬಂದು ಕಲಿಸಿದ್ರು. ಗಾಡಿ ಹಚ್ಚೋದು ಬೇಗ ಬಂತು. ನಿಲ್ಲಿಸೋದು ಬರಲಿಲ್ಲ. ನಿಲ್ಲಿಸಬೇಕು ಅನ್ನಿಸಿದಾಗೆಲ್ಲ ಇವರ ಬಾಯಿಂದ ಮೊದಲು "ಹೋ... ಹೋ..." ಅಂತ ಬರ್ತಿತ್ತು. ಅದಕ್ಕೆ ಗಾಡಿ ನಿಲ್ಲೋದಿಲ್ಲ ಅಂತ ನೆನಪಾಗೋ ಹೊತ್ತಿಗೆ ಬೇಲಿ ಬಂದಿರ್ತಿತ್ತು.

ಮೂರನೇ ದಿನ ಧೈರ್ಯ ಮಾಡಿ ತೀರ್ಥಹಳ್ಳಿ ರಸ್ತೇಲಿ ಒಬ್ಬರ ಮನೆಗೆ ವ್ಯಾಪಾರಕ್ಕೆ ಹೋದ್ರು. ಅಲ್ಲಿ ಒಂದು ಎತ್ತಿತ್ತು. ನೋಡೋಕೆ ಆನೆ ಹಾಗೆ, ಆದ್ರೆ ಕೂತ್ರೆ ಏಳೋದಿಲ್ಲ. ಬಾಲ ತಿರುಚಿದ್ರೂ ಇಲ್ಲ, ಕೂಗಿದ್ರೂ ಇಲ್ಲ. ಎರಡು ವರ್ಷದಿಂದ ಯಾರೂ ಕೊಳ್ಳೋರಿಲ್ಲದೆ ಉಳಿದಿತ್ತು. ಆವತ್ತು ಅದನ್ನ ನೋಡೋಕೆ ದೂರದೂರಿನ ಗೌಡರೊಬ್ಬರು ಬಂದಿದ್ರು. ಎತ್ತು ಅವರ ಎದುರೂ ಹಾಯಾಗಿ ಕೂತಿತ್ತು.

ಅಷ್ಟರಲ್ಲಿ ನಮ್ಮನೆಯವರು ಫಟಫಟ ಅಂತ ಬಂದ್ರು. "ಹೋ... ಹೋ..." ಅಂದ್ರು. ಗಾಡಿ ನಿಲ್ಲಲಿಲ್ಲ. ಅಂಗಳ ದಾಟಿ ನೇರ ಕೊಟ್ಟಿಗೆ ಕಡೆಗೇ ಹೋಯ್ತು.

ಎತ್ತು ಎದ್ದದ್ದಲ್ಲ, ಹಾರಿದ್ದು. ಹಗ್ಗ ಹರಿದುಕೊಂಡು, ಬೇಲಿ ನೆಗೆದು, ಬಾಲ ಮೇಲೆ ಮಾಡಿ, ಗದ್ದೆಗಳನ್ನೆಲ್ಲ ದಾಟಿ ಗುಡ್ಡ ಹತ್ತಿತು. ಮನೆಯವರೆಲ್ಲ ಅದರ ಹಿಂದೆ ಓಡಿದ್ರು. ನಮ್ಮನೆಯವರು ಹುಲ್ಲಿನ ಕುತ್ರೆಯೊಳಗಿಂದ ಎದ್ದುಬಂದು, ಇವತ್ತಿಗೆ ನನ್ನ ದಲ್ಲಾಳಿ ಕೆಲಸ ಮುಗೀತು ಅಂದ್ಕೊಂಡು ತಲೆತಗ್ಗಿಸಿ ನಿಂತ್ರು. ಆ ಗೌಡರು ಮಾತ್ರ ಗುಡ್ಡದ ಕಡೆ ನೋಡ್ತಾ ಬಾಯಿ ತೆರೆದುಕೊಂಡಿದ್ರು. "ಏನು ಚುರುಕು ಮಾರಾಯ್ರೇ! ಇಂಥ ಎತ್ತಿಗೆ ಸೋಮಾರಿ ಅಂದವರು ಯಾರು?" ಅಂತ ಹೇಳಿದ ಬೆಲೆಗೇ ಹೊಡಕೊಂಡು ಹೋದ್ರು.

ಇವರು ಮನೆಗೆ ಬಂದು ಕುಣಿದ್ರು. "ನೋಡಿದ್ಯಾ? ಫಟಫಟಿ ಬಂದದ್ದೇ ವ್ಯಾಪಾರ ಹೇಗೆ ಕುದುರಿತು! ಇನ್ನೂ ಎಮ್ಮೆ ಎಮ್ಮೆ ಅಂತೀಯಲ್ಲ!"

ಅದಾಗಿ ನಾಲ್ಕನೇ ದಿನ ಆ ಗೌಡರೇ ಬಂದ್ರು. ಕೋಪದಲ್ಲಿ ಮುಖ ಕೆಂಪಾಗಿತ್ತು. ನಾನು ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಇಟ್ಟು ಹೇಳಿದ್ರು, "ಎತ್ತು ಬಂದ ದಿನ ಮಲಗಿದ್ದು ಇನ್ನೂ ಎದ್ದಿಲ್ಲ. ನಾನು ವಾಪಸ್ಸು ಕೊಡೋಕೆ ಬಂದದ್ದಲ್ಲ ಬಿಡಿ. ಆದ್ರೆ ನೀವು ದಿನಾ ಬೆಳಗ್ಗೆ ಆ ಫಟಫಟಿ ತಗೊಂಡು ನಮ್ಮನೆಗೆ ಬರಬೇಕು."

೫. ಅತ್ತಿಗೆಯ ಕಷಾಯ

ನಮ್ಮನೆಯವರಿಗೆ ಒಬ್ಬ ಅಕ್ಕ, ತೀರ್ಥಹಳ್ಳಿಗೆ ಕೊಟ್ಟದ್ದು. ಇವರು ಲೋಕದಲ್ಲಿ ಹೆದರ್ತಿದ್ದದ್ದು ಆ ಅಕ್ಕನಿಗೆ ಒಬ್ಬಳಿಗೆ. ಅತ್ತೆ ಕೈಕೊಟ್ಟ ಮೇಲೆ ನನಗೆ ಉಳಿದವರು ಅವರೇ. ತೀರ್ಥಹಳ್ಳಿಗೆ ಹೋಗ್ತಿದ್ದ ಬಸ್ಸಿನ ಕಂಡಕ್ಟರ ಹತ್ರ, "ಅತ್ತಿಗೆ, ತಮ್ಮನಿಗೆ ಬುದ್ಧಿ ಹೇಳೋಕೆ ಬೇಗ ಬನ್ನಿ" ಅಂತ ಹೇಳಿಕಳಿಸಿದೆ.

ಅತ್ತಿಗೆ ಮರುದಿನವೇ ಹೊರಟ್ರು. ಸಾಗರ ಇನ್ನೂ ಮೂರು ಮೈಲಿ ಇದೆ ಅನ್ನೋವಾಗ ಬಸ್ಸಿನ ಕಿಟಕೀಲಿ ನೋಡ್ತಾರೆ, ತಮ್ಮ ಎದುರಿನಿಂದ ಬರ್ತಿದ್ದಾನೆ. ಬರ್ತಿದ್ದಾನೆ ಅಂದ್ರೆ ಹೇಗೆ? ಆ ರೇಸಿನ ಗಾಡೀಲಿ ನೆಟ್ಟಗೆ ಕೂರೋ ಹಾಗೇ ಇಲ್ಲ. ಟ್ಯಾಂಕಿನ ಮೇಲೆ ಹೊಟ್ಟೆ ಒತ್ತಿ, ಗದ್ದ ಊರಿ, ಹಲ್ಲು ಕಚ್ಚಿಕೊಂಡು ಬರಬೇಕು. ಗಾಳಿಗೆ ಕಣ್ಣಲ್ಲಿ ನೀರು ಬೇರೆ ಸುರೀತಿತ್ತು.

ಮನೆಗೆ ಬಂದ ಅತ್ತಿಗೆ ಚೀಲ ಸಹ ಇಳಿಸಲಿಲ್ಲ. "ಹೊಟ್ಟೆನೋವಲ್ಲಿ ಹಾಗೆ ಒದ್ದಾಡ್ತಿದ್ದಾನಲ್ಲೇ! ಅಳ್ತಾ ಅಳ್ತಾ ಹೋಗ್ತಿದ್ದಾನೆ! ಜೊತೆಗೆ ಒಬ್ಬರನ್ನಾದ್ರೂ ಕಳಿಸಬಾರ್ದಾ?" ಅಂತ ನನಗೇ ಬೈದ್ರು.

"ಅತ್ತಿಗೆ, ಅದು ಹೊಟ್ಟೆನೋವಲ್ಲ..." ಅಂದೆ.

"ನೀನು ಸುಮ್ನಿರು. ಅವನ ಹೊಟ್ಟೆ ನನಗೆ ಹುಟ್ಟಿನಿಂದ ಗೊತ್ತು."

ಇವರು ಮನೆಗೆ ಬಂದು ಇಳಿಯೋ ಹೊತ್ತಿಗೆ ಅಷ್ಟು ದೂರ ಬಗ್ಗಿದ್ದ ಸೊಂಟ ನೆಟ್ಟಗಾಗಲಿಲ್ಲ. ಬಗ್ಗಿಕೊಂಡೇ ಒಳಗೆ ಬಂದ್ರು. ಇನ್ನೇನು ಬೇಕು? ಅತ್ತಿಗೆ ಕೂಡಿಹಾಕಿ ಓಮದ ಕಷಾಯ ಕುಡಿಸಿದ್ರು, ಮೂರು ದಿನ ಗಂಜಿ ಬಿಟ್ಟು ಬೇರೆ ಕೊಡಲಿಲ್ಲ. ಇವರು ಅಕ್ಕನ ಎದುರು ಮಾತಾಡೋ ಹಾಗಿಲ್ಲ. ಕುಡಿದ್ರು.

ಮೂರು ದಿನ ಆದ ಮೇಲೆ ಅತ್ತಿಗೆ ಹೊರಡೋವಾಗ ಮೆಲ್ಲಗೆ ಕೇಳಿದೆ, "ಹಾಗಾದ್ರೆ ಫಟಫಟಿ ವಿಷಯ?"

"ತಗೊಳ್ಳಲಿ ಬಿಡೇ ಪಾಪ" ಅಂದ್ರು ಅತ್ತಿಗೆ. "ಇಂಥ ಹೊಟ್ಟೆ ಇಟ್ಟುಕೊಂಡು ಅವನು ಬಸ್ಸಲ್ಲಿ ಹೇಗೆ ಕೂರ್ತಾನೆ?"

೬. ಇಷ್ಟು ಒಳ್ಳೆ ಎಮ್ಮೆ

ಈಗ ಮನೇಲಿ ಎಲ್ಲ ಅತ್ತ, ನಾನೊಬ್ಬಳು ಇತ್ತ. ಒಂದು ಬೆಳಗ್ಗೆ ನಾನು ಹಾಲು ಕೊಡ್ತಿದ್ದ ಹೋಟೆಲಿನ ಯಜಮಾನರೇ ಕೊಟ್ಟಿಗೆಗೆ ಬಂದ್ರು. ಎಮ್ಮೆ ನೋಡೋಕೆ. ಇವರೇ ಕರೆಸಿದ್ದು.

"ನೋಡೋಕೆ ಏನಂತೆ, ನೋಡಿದ್ರೆ ಮಾರಿದ ಹಾಗಾಯ್ತಾ?" ಅಂದ್ರು ನನಗೆ.

"ನೋಡಲಿ. ಹೂಂ ಅನ್ನೋಳು ನಾನು" ಅಂದೆ. ಆದ್ರೂ ಎಮ್ಮೆ ಹಗ್ಗ ಕೈಯಲ್ಲಿ ಹಿಡಿದೇ ನಿಂತೆ.

ನಮ್ಮನೆಯವರು ಬೇರೆಯವರ ದನವನ್ನ ಮೂವತ್ತು ವರ್ಷ ಹೊಗಳಿ ಮಾರಿದವರು. ಈಗ ಸ್ವಂತ ಮನೆಯದ್ದು. ಶುರು ಮಾಡಿದ್ರು ನೋಡಿ. ಬಲು ಸಾಧು, ನಮ್ಮ ಮೂರು ಮಕ್ಕಳು ಕೊಂಬು ಹಿಡಿದು ಎಳೆದ್ರೂ ಹಾಯೋದಿಲ್ಲ ಅಂದ್ರು. ಹಾಲು ಎಷ್ಟು ದಪ್ಪ ಅಂದ್ರೆ ಲೋಟ ಬೋರಲು ಹಾಕಿದ್ರೂ ಬೀಳೋದಿಲ್ಲ ಅಂದ್ರು. ತುಪ್ಪದ ಪರಿಮಳಕ್ಕೆ ಜೋಗದ ಕಡೆ ಹೋಗೋ ಬಸ್ಸು ನಿಲ್ತದೆ ಅಂದ್ರು. ನಮ್ಮಕ್ಕನ ಗಂಡ ಹಾಸಿಗೆ ಹಿಡಿದಾಗ ಇದೇ ಹಾಲು ಕುಡಿದು ಎದ್ದು ಗದ್ದೆಗೆ ಹೋದ ಅಂದ್ರು. ಹೇಳ್ತಾ ಹೇಳ್ತಾ ಎಮ್ಮೆ ಕೊರಳನ್ನೇ ತಬ್ಬಿಕೊಂಡ್ರು. ಪಕ್ಕದಲ್ಲಿ ನಿಂತಿದ್ದ ಅತ್ತೆ ಸೆರಗಲ್ಲಿ ಮೂಗು ಒರೆಸಿಕೊಂಡ್ರು.

ಹೋಟೆಲಿನವರು ಎಲ್ಲ ಕೇಳಿದ್ರು. ಆಮೇಲೆ ಇವರ ಮುಖವನ್ನ, ಎಮ್ಮೆ ಮುಖವನ್ನ, ಸಂದೇಹದಲ್ಲಿ ನೋಡಿದ್ರು.

"ಇಷ್ಟು ಒಳ್ಳೆ ಎಮ್ಮೆ ಯಾಕೆ ಮಾರ್ತೀರಿ?"

ಇವರಿಗೆ ಫಟಫಟಿಗೆ ಅಂತ ಹೇಳೋಕೆ ನಾಚಿಕೆ. ತಡವರಿಸಿದ್ರು. ತಡವರಿಸಿದ್ದು ನೋಡಿ ಹೋಟೆಲಿನವರು ಜೋಡು ಮೆಟ್ಟಿಕೊಂಡ್ರು. "ಏನೋ ಇದೆ. ಹೇಳಬಾರದಂಥದ್ದು ಏನೋ ಇದೆ. ನನಗೆ ಬೇಡಪ್ಪ" ಅಂತ ಹೊರಟೇಹೋದ್ರು.

ನಾನು ನೆಮ್ಮದಿಯ ಉಸಿರು ಬಿಟ್ಟೆ. ಆದ್ರೆ ಮರುದಿನ ಹಾಲು ತಗೊಂಡು ಹೋದ್ರೆ ಹೋಟೆಲಿನವರು ಬಾಗಿಲಲ್ಲೇ ತಡೆದ್ರು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ್ರು, "ಅಮ್ಮ, ಹಾಲು ಕುಡಿದು ನಿಮ್ಮ ಅತ್ತಿಗೆ ಗಂಡ ಎದ್ದು ಗದ್ದೆಗೆ ಹೋದ್ರು ಅಂದ್ರಲ್ಲ... ವಾಪಸ್ಸು ಬಂದ್ರಾ?"

೭. ಕಳೆದುಹೋದದ್ದು

ಸಾಹೇಬರು ಸೋಮವಾರ ಊರು ಬಿಡೋರು. ಭಾನುವಾರ ಸಂಜೆಯೊಳಗೆ ಹೌದೋ ಅಲ್ಲವೋ ಹೇಳಿ ಅಂತ ಹೇಳಿಕಳಿಸಿದ್ರು. ಭಾನುವಾರ ಬೆಳಗ್ಗೆ ನಾನು ಕೊನೇ ಮಾತು ಹೇಳಿದೆ.

"ಎಮ್ಮೆ ನನ್ನ ತವರಿಂದ ಬಂದದ್ದು. ನಮ್ಮವ್ವ ಹೂಂ ಅಂದ್ರೆ ನಾನೂ ಹೂಂ."

ನಮ್ಮವ್ವ ಅನ್ನೋದಿಲ್ಲ ಅಂತ ನನಗೆ ಗೊತ್ತಿತ್ತು. ಇವರು ಮಾತ್ರ, "ನಡಿ ಹಾಗಾದ್ರೆ, ಫಟಫಟೀಲೇ ಹೋಗಿ ಕೇಳೋಣ" ಅಂದ್ರು.

ತವರು ಇರೋದು ಹೊಸನಗರದ ದಾರೀಲಿ. ಸೀಟಿನ ಹಿಂದಿನ ಗೂನಿನ ಮೇಲೆ ಗೋಣಿಚೀಲ ಮಡಿಸಿ ಕಟ್ಟಿದ್ರು. ನಾನು ಒಂದು ಕೈಯಲ್ಲಿ ಅವರ ಅಂಗಿ, ಇನ್ನೊಂದು ಕೈಯಲ್ಲಿ ನಮ್ಮವ್ವನಿಗೆ ಅಂತ ಒಂದು ತಂಬಿಗೆ ಮೊಸರು ಹಿಡಿದು ಅಡ್ಡಡ್ಡ ಕೂತೆ. ಊರು ದಾಟೋವರೆಗೆ ಕಣ್ಣು ಬಿಡಲಿಲ್ಲ. ಆಮೇಲೆ ಒಂದು ಕಣ್ಣು ಬಿಟ್ಟೆ. ಆಮೇಲೆ ಎರಡೂ.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯ್ತು. ಹುಟ್ಟಿದ ಮೇಲೆ ಮೈಗೆ ಅಂಥ ಗಾಳಿ ಬಡಿದಿರಲಿಲ್ಲ. ಮರಗಳು ನಮ್ಮನ್ನ ನೋಡೋಕೆ ಓಡಿಬಂದು ಹಾಗೇ ಹಿಂದೆ ಹೋಗ್ತಿದ್ವು. ನಾನು ಗಂಟೆಗಟ್ಟಲೆ ಕಾಯ್ತಿದ್ದ ಬಸ್ಸನ್ನೇ ದಾಟಿಕೊಂಡು ಹೋದ್ವಿ. ಕಿಟಕೀಲಿದ್ದವರಿಗೆ ತಂಬಿಗೆ ಎತ್ತಿ ತೋರಿಸಿದೆ. ಎಮ್ಮೆ ಹೋದ್ರೆ ಹೋಗ್ಲಿ, ಇನ್ನೊಂದು ಕಟ್ಟಿದ್ರಾಯ್ತು ಅಂತ ಕೂಡ ಒಂದು ಸಲ ಮನಸ್ಸಿಗೆ ಬಂದುಹೋಯ್ತು. ಅದನ್ನ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಒಂದು ಏರಿನಲ್ಲಿ ಗಾಡಿ ಉಸಿರು ಕಟ್ಟಿ ನಿಂತಿತು. ಇಳಿದು ನೋಡಿದ್ರೆ ತಂಬಿಗೇಲಿ ಮೊಸರು ಇಲ್ಲ, ಮಜ್ಜಿಗೆ ಮೇಲೆ ಬೆಣ್ಣೆ ತೇಲ್ತಿದೆ.

"ಸ್ವಲ್ಪ ದೂಡು ಮಾರಾಯ್ತಿ, ಹಚ್ಚಿಕೊಂಡ ತಕ್ಷಣ ಹಾರಿ ಕೂತುಬಿಡು" ಅಂತ ಇವರು ಟ್ಯಾಂಕಿನ ಮೇಲೆ ಮಲಗಿದ್ರು.

ತಂಬಿಗೆ ದಾರಿ ಬದಿಗಿಟ್ಟು, ಸೆರಗು ಕಟ್ಟಿ, ದೂಡಿದೆ. ಏರು ಮುಗಿದು ಇಳಿಜಾರು ಬಂತು. ಫಟ್ ಅಂದಿತು, ಫಟಫಟ ಅಂದಿತು, ಹೋಯ್ತು. ನಾನು ಹಾರಿ ಕೂರೋಕೆ ಅದು ಅಲ್ಲಿದ್ರೆ ತಾನೆ? "ಹೋ... ಹೋ..." ಅಂತ ನಾನೂ ಕೂಗಿದೆ. ಇವರು ಹಿಂದೆ ತಿರುಗಲಿಲ್ಲ. ತಿರುವು ದಾಟಿ ಮಾಯವಾದ್ರು.

ಅಲ್ಲಿಂದ ರಸ್ತೆ ಗುಡ್ಡ ಸುತ್ತಿಕೊಂಡು ನಾಲ್ಕು ಮೈಲಿ ಹೋಗ್ತದೆ. ಗುಡ್ಡದ ಮೇಲಿನ ಒಳದಾರಿ ಒಂದೇ ಮೈಲಿ. ಚಿಕ್ಕಂದಿನಿಂದ ಓಡಾಡಿದ ದಾರಿ ಅದು. ತಂಬಿಗೆ ಎತ್ತಿಕೊಂಡು ನಡೆದೆ.

ಅತ್ತ ಇವರು ನಾಲ್ಕು ಮೈಲಿಯೂ ನನ್ನ ಜೊತೆ ಮಾತಾಡಿದ್ರಂತೆ. "ನಿನ್ನ ಎಮ್ಮೆ ಸುಮ್ನೆ ತಗೊಳ್ಳೋದಿಲ್ಲ. ವರ್ಷ ತುಂಬೋದರೊಳಗೆ ಇದಕ್ಕಿಂತ ಒಳ್ಳೇದು ತಂದು ನಿನ್ನ ಕೈಗೆ ಹಗ್ಗ ಕೊಡ್ತೀನಿ" ಅಂದ್ರಂತೆ. ಹಿಂದಿನಿಂದ ಉತ್ತರ ಇಲ್ಲ. ಒಪ್ಪಿದ್ಲು ಅಂದ್ಕೊಂಡ್ರಂತೆ. "ಮದುವೆಯಾದ ಮೇಲೆ ನೀನು ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು" ಅಂತ ಆಮೇಲೆ ಹೇಳಿದ್ರು.

ತವರಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಮುಂದೆ ನೋಡ್ತಾನೇ, "ಇಳಿ ಮಾರಾಯ್ತಿ, ನಿನ್ನ ತವರು ಬಂತು" ಅಂದ್ರಂತೆ.

ಚಾವಡೀಲಿ ಕೂತಿದ್ದ ನಮ್ಮವ್ವ ಕೇಳಿದ್ಲು, "ಯಾರನ್ನ ಇಳಿಸ್ತಿದ್ದೀರಿ ಅಳಿಯಂದ್ರೇ?"

ಇವರು ತಿರುಗಿ ನೋಡಿದ್ರು. ಗೋಣಿಚೀಲ ಒಂದೇ ಇತ್ತು. ನಮ್ಮವ್ವನಿಗೆ ಏನೂ ಹೇಳದೆ, ಬಂದ ದಾರೀಲೇ ಹಾರಿಹೋದ್ರು.

ಸ್ವಲ್ಪ ಹೊತ್ತಿಗೆ ನಾನು ಹಿತ್ತಿಲ ಕಡೆಯಿಂದ ಮನೆ ಸೇರಿದೆ. ನಮ್ಮವ್ವ ಎದೆ ಮೇಲೆ ಕೈ ಇಟ್ಟುಕೊಂಡು ಕೂತಿದ್ಲು. ಎಲ್ಲ ಹೇಳಿದೆ. ನಕ್ಕಳು. ಕೈಕಾಲು ತೊಳೆದೆ, ಊಟ ಮಾಡಿದೆ, ಬೆಣ್ಣೆ ತೆಗೆದಿಟ್ಟೆ. ಇವರ ಸುದ್ದಿ ಇಲ್ಲ. ಒಂದು ಗಂಟೆ ಆಯ್ತು, ಎರಡಾಯ್ತು. ನಗು ನಿಂತಿತು. ಆ ಹಾಳು ಗಾಡಿ ಎಲ್ಲಿ ಬಿತ್ತೋ, ಇವರು ಯಾವ ಕಣಿವೇಲಿ ಇದ್ದಾರೋ ಅಂತ ಅಂಗಳಕ್ಕೂ ರಸ್ತೆಗೂ ಓಡಾಡಿದೆ. ಆ ಮನುಷ್ಯ ಸುಖವಾಗಿ ಮನೆಗೆ ಬಂದ್ರೆ ಸಾಕು, ಎಮ್ಮೆ ಏನು, ಕೊಟ್ಟಿಗೆಯನ್ನೇ ಮಾರಿಬಿಡ್ತೀನಿ ಅಂತ ಹರಕೆ ಹೊತ್ತೆ.

ಆಮೇಲೆ ತಿರುವಿನಲ್ಲಿ ಕಂಡ್ರು. ಪೆಟ್ರೋಲು ಮುಗಿದಿತ್ತು. ಇವರು ಮುಂದಿನಿಂದ ಹ್ಯಾಂಡಲ್ಲು ಹಿಡಿದು ಎಳೀತಿದ್ರು, ರಸ್ತೆ ಬದಿಯ ಚಾ ಅಂಗಡಿಯವನೊಬ್ಬ ಹಿಂದಿನಿಂದ ದೂಡ್ತಿದ್ದ. ನನ್ನನ್ನ ನೋಡಿದ್ದೇ ಇವರು ಗಾಡಿಯನ್ನ ಹಾಗೇ ನೆಲಕ್ಕೆ ಬಿಟ್ಟು, ಅಂಗಳದಲ್ಲಿ ಕುಸಿದು ಕೂತ್ರು. ಮೈಯೆಲ್ಲ ಮುಳ್ಳು ಗೀರು. ನನ್ನನ್ನ ಹುಡುಕ್ತಾ ಎಲ್ಲ ಚರಂಡಿಗೂ ಇಳಿದಿದ್ರು.

"ಇದು ಬೇಡ" ಅಂದ್ರು. "ಎಮ್ಮೆ ನಿನ್ನ ಹತ್ರಾನೇ ಇರಲಿ. ನನಗೆ ಬಸ್ಸೇ ಸಾಕು."

ಆ ಮಾತಿಗೆ ತಪ್ಪಲಿಲ್ಲ. ಮರುದಿನ ಗಾಡಿ ಸಾಹೇಬರ ಜೊತೆಗೇ ಲಾರಿ ಹತ್ತಿತು. ಎಮ್ಮೆ ನನ್ನ ಕೊಟ್ಟಿಗೇಲಿ ಇನ್ನೂ ನಾಲ್ಕು ಕರು ಹಾಕಿತು. ಆದ್ರೆ ಅದೆಲ್ಲ ಆಮೇಲಿನದ್ದು. ಆ ಗಳಿಗೇಲಿ ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಅಂಗಳ ಗುಡಿಸೋ ಹಿಡಿಸೂಡಿ ಕೈಗೆ ಸಿಕ್ಕಿತು, ಅದನ್ನೇ ಎತ್ತಿಕೊಂಡು, "ನಾಲ್ಕು ಮೈಲಿ ಹಿಂದೆ ಹೆಂಡತಿ ಇದ್ದಾಳೋ ಇಲ್ಲವೋ ಗೊತ್ತಾಗಲಿಲ್ವಾ ನಿಮಗೆ!" ಅಂತ ಅವರ ಮೇಲೇ ಹೋದೆ. ಇವರು ಎದ್ದು ಗಾಡಿ ಸುತ್ತ ಓಡಿದ್ರು. ನಾನೂ ಓಡಿದೆ. ನಮ್ಮವ್ವ, "ಬಿಡೇ, ಬಿಡೇ" ಅಂತ ನಗ್ತಾ ಕೂಗ್ತಿದ್ಲು.

ಚಾ ಅಂಗಡಿಯವನು ಒಂದು ಬದಿಗೆ ನಿಂತು ನನ್ನನ್ನೇ ನೋಡ್ತಿದ್ದ.

"ಅಮ್ಮ, ಹಾಗಾದ್ರೆ ಇವರಿಗೆ ಕಳೆದುಹೋಗಿದ್ದದ್ದು ನೀವಾ?" ಅಂದ. "ನನಗೆ ಗೊತ್ತೇ ಆಗಲಿಲ್ಲವಲ್ಲ! ನನ್ನ ಅಂಗಡಿ ಎದುರು ಗಾಡಿ ನಿಲ್ಲಿಸಿ, ನಮ್ಮದೊಂದು ತಪ್ಪಿಹೋಗಿದೆ, ಈ ಕಡೆ ಬಂತಾ ಅಂತ ಕೇಳಿದ್ರು. ಇವರ ಕಸುಬು ಊರಿಗೇ ಗೊತ್ತಲ್ಲ. ಗುರುತು ಹೇಳಿ ಅಂದೆ. ಎಣ್ಣೆಗಪ್ಪು ಬಣ್ಣ, ಎತ್ತರ ನನ್ನ ಹೆಗಲಿಗೆ ಬರ್ತದೆ, ಬಲಗಿವಿ ಅಡಿ ಒಂದು ಮಚ್ಚೆ, ಮೂರು ಸೂಲಾಗಿದೆ, ಬಲು ಸಾಧು, ಹಾಯೋದಿಲ್ಲ ಅಂದ್ರು. ನಾನು ಅಂಗಡಿ ಮುಚ್ಚಿ ಎರಡು ಗಂಟೆಯಿಂದ ಹಳ್ಳದ ಬದೀಲಿ ಎಮ್ಮೆ ಹುಡುಕ್ತಾ ಇದ್ದೇನೆ!"

ನಾನು ಹಿಡಿಸೂಡಿ ಎತ್ತಿದವಳು ಹಾಗೇ ನಿಂತೆ. ನಮ್ಮನೆಯವರು ಗಾಡಿ ಆಚೆ ತಲೆತಗ್ಗಿಸಿ ಕೂತ್ರು. ಹೆಂಡತಿ ಬಿದ್ದುಹೋದ್ಲು ಅನ್ನೋಕೆ ನಾಲಿಗೆ ಏಳದೆ, ಆ ಗಾಬರೀಲಿ ಗೊತ್ತಿದ್ದ ಭಾಷೇಲಿ ಗುರುತು ಹೇಳಿದ್ರು, ಪಾಪ.

ಚಾ ಅಂಗಡಿಯವನು ಮತ್ತೊಂದು ಸಲ ನನ್ನನ್ನ ಮೇಲಿಂದ ಕೆಳಗೆ ನೋಡಿದ. ಆಮೇಲೆ ನನ್ನ ಕೈಯ ಹಿಡಿಸೂಡಿ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು, ನಮ್ಮನೆಯವರಿಗೆ ಹೇಳಿದ:

"ಬಣ್ಣ ಸರಿ ಇದೆ, ಎತ್ತರ ಸರಿ ಇದೆ, ಮಚ್ಚೆಯೂ ಇದೆ ಮಾರಾಯ್ರೇ. ಹಾಯೋದಿಲ್ಲ ಅಂದ್ರಲ್ಲ, ಅದೊಂದು ತಾಳೆ ಆಗ್ತಾ ಇಲ್ಲ. ಇದು ನಿಮ್ಮದೇ ಹೌದಾ ಅಂತ ಇನ್ನೊಂದು ಸಲ ನೋಡಿ."